ಬೇಳೆಯ ದೀರ್ಘ, ಗಾಲಿಯ ದೀರ್ಘ

ಕೇಳುಗರಿಗೆ ನಮಸ್ಕಾರ.

ಹಂಗೇರಿಯನ್ ಭಾಷೆಯಲ್ಲಿ ‘ಕೆರೆಕ್’ ಅಂದರೆ ದುಂಡಗಿರುವುದು. ಅದನ್ನೇ ಸ್ವಲ್ಪ ಎಳೆದು ‘ಕೆರೇಕ್’ ಅಂದಿರೋ, ಅದು ಗಾಲಿ. ‘ಬೆಳೆ’ ಹೊಲದಲ್ಲಿ, ‘ಬೇಳೆ’ ಡಬ್ಬಿಯಲ್ಲಿ ಎಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹಂಗೇರಿಯನ್ ಮನೆಯೊಂದರಲ್ಲಿ ಹುಟ್ಟಿ, ವಾರವಿಡೀ ಇಂಗ್ಲಿಷಿನಲ್ಲೇ ಆಡಿ ಓದುವ ಮಗುವಿಗೆ ಹೇಳಬೇಕು. ಮತ್ತೆ ಮತ್ತೆ ಹೇಳಬೇಕು. ಹಾಗೆ ಹೇಳಲು ಯಾರೋ ಒಬ್ಬರು ತಮ್ಮ ರಜೆಯ ದಿನವನ್ನು ಬಿಟ್ಟುಕೊಟ್ಟು ಬಂದಿರುತ್ತಾರೆ. ಸಂಬಳವಿಲ್ಲ.

ಹಂಗೇರಿಯನ್ನರು ಅಲ್ಲಿಗೆ ಹೋದದ್ದು ಹೇಗೆ? ಎರಡನೇ ಮಹಾಯುದ್ಧ ಮುಗಿದಾಗ ಸಾವಿರಾರು ಹಂಗೇರಿಯನ್ನರು ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದರು. 1956ರ ಕ್ರಾಂತಿಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿಹಾಕಿದ ಮೇಲೆ ಇನ್ನೂ ಸುಮಾರು 2 ಲಕ್ಷ ಜನ ದೇಶ ಬಿಟ್ಟರು. ಜರ್ಮನಿಯ ಆ ಶಿಬಿರಗಳಲ್ಲೇ ದೊಡ್ಡವರು ಮಕ್ಕಳನ್ನು ಕೂಡಿಸಿ ಸ್ಕೌಟ್ ದಳ ಕಟ್ಟಿದ್ದರು. ನಾಳೆ ಯಾವ ದೇಶಕ್ಕೋ ಗೊತ್ತಿಲ್ಲ, ಇವತ್ತು ಮಕ್ಕಳಿಗೊಂದು ಹಾಡು ಕಲಿಸೋಣ ಅಂದುಕೊಂಡವರನ್ನು ನೆನೆದರೆ ನನ್ನ ಗಂಟಲು ಕಟ್ಟುತ್ತದೆ. ಆ ದಳಗಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೂ ಹಬ್ಬಿ ಇಂದಿಗೂ ನಡೆಯುತ್ತಿವೆ. ಅಲ್ಲಿ ನಾಯಕರಾಗಬೇಕಾದರೆ ಗಂಟು ಹಾಕುವುದು, ಡೇರೆ ಹೊಡೆಯುವುದು ಬಂದರೆ ಸಾಲದು. ಹಂಗೇರಿಯ ಚರಿತ್ರೆ, ಭೂಗೋಳ, ಸಾಹಿತ್ಯವೂ ಬರಬೇಕು.

2013ರಿಂದ ಹಂಗೇರಿ ಸರ್ಕಾರವೂ ಯುವಜನರನ್ನು ಕೆಲವು ತಿಂಗಳ ಮಟ್ಟಿಗೆ ಇಂಥ ಊರುಗಳಿಗೆ ಕಳಿಸುತ್ತಿದೆ. ಭಾಷೆ ಕಲಿಸುತ್ತಾರೆ, ಜನಪದ ಕುಣಿತ ಕಲಿಸುತ್ತಾರೆ. ಆ ಯೋಜನೆಗೆ ಇಟ್ಟ ಹೆಸರು ನಮ್ಮ ನೆಲಕ್ಕೂ ಸೇರಿದ್ದು: ಚೊಮ ಶಾಂದೊರ್. ತನ್ನ ಜನರ ಮೂಲ ಹುಡುಕುತ್ತ 1819ರಲ್ಲಿ, ಈಗ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದಿಂದ ಹೊರಟ ಈತ ಲಡಾಖಿಗೆ ಬಂದ, ಜಾನ್ಸ್ಕರ್‌ನ ಚಳಿಯಲ್ಲಿ ಲಾಮಾ ಒಬ್ಬರ ಬಳಿ ಟಿಬೆಟನ್ ಕಲಿತ. ಹುಡುಕಿದ ಮೂಲ ಸಿಗಲಿಲ್ಲ. 1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ಆತನ ಟಿಬೆಟನ್–ಇಂಗ್ಲಿಷ್ ನಿಘಂಟು ಮಾತ್ರ ಇನ್ನೊಂದು ಜನರ ಭಾಷೆಗೆ ಆಸರೆಯಾಯಿತು. 1842ರಲ್ಲಿ ಡಾರ್ಜಿಲಿಂಗಿನಲ್ಲಿ ಜ್ವರದಿಂದ ತೀರಿಕೊಂಡ. ಸಮಾಧಿ ಅಲ್ಲೇ ಇದೆ.

ಕೆಲವು ತಿಂಗಳಿಗೆ ಬಂದವರು ಹುರುಪು ತರುತ್ತಾರೆ, ನಿಜ. ಆದರೆ ಅವರು ವಿಮಾನ ಹತ್ತಿದ ಮರುವಾರವೂ ತರಗತಿ ನಡೆಯಬೇಕಲ್ಲ? ನನ್ನ ಮನಸ್ಸು ವಾಲುವುದು ಆ ಊರಲ್ಲೇ ನೆಲೆಸಿ, ಮೊದಲು ತಮ್ಮ ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಕಲಿಸುತ್ತಿರುವವರ ಕಡೆಗೆ. ‘ಹಾಜ್’ ಅಂದರೆ ಮನೆ, ‘ಹಾಜ್‌ಬನ್’ ಅಂದರೆ ಮನೆಯಲ್ಲಿ. ನಮ್ಮ ಹಾಗೇ ಪದದ ಬಾಲಕ್ಕೆ ಪ್ರತ್ಯಯ. ಮಗು ಅದನ್ನು ಬರೆಯುತ್ತದೆ, ‘ಹಾ’ದ ಮೇಲೆ ದೀರ್ಘ ತೋರಿಸುವ ಪುಟ್ಟ ಗೀಟು ಮರೆಯುತ್ತದೆ. ಕಲಿಸುವವರು ಬಗ್ಗಿ ಆ ಗೀಟು ಎಳೆದು, ಇನ್ನೊಮ್ಮೆ ಓದು ಅನ್ನುತ್ತಾರೆ.