ಬ್ಯಾಟರಿ ಬ್ಯಾಗಿನಲ್ಲಿ ಬೇಡ, ಕೈಯಲ್ಲಿರಲಿ

ಕೇಳುಗರಿಗೆ ನಮಸ್ಕಾರ. ನನಗೆ 15 ನಿಮಿಷ ಕೊಟ್ಟಿದ್ದಾರೆ. ಕತ್ತಲಲ್ಲಿ ನಮ್ಮನ್ನು ನಾವು ಕಾಪಾಡಿಕೊಳ್ಳುವುದು ಹೇಗೆ ಅಂತ ಹೇಳಬೇಕಂತೆ. ಕರಾಟೆ ಹೇಳಿಕೊಡುತ್ತಾರೇನೋ ಅಂತ ಕೂತಿದ್ದರೆ ಬೇಸರ ಮಾಡಿಕೊಳ್ಳಬೇಡಿ, ನನಗೆ ಕರಾಟೆ ಬರುವುದಿಲ್ಲ. 35 ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿ ಗಸ್ತಿನಲ್ಲೇ ಹೋಯಿತು, ಜೊತೆಗೆ ಎರಡು ಮೊಣಕಾಲೂ ಹೋದವು. ಉಳಿದಿರುವುದು ಒಂದು ಸಾಮಾನಿನ ಬಗ್ಗೆ ನನಗಿರುವ ನಂಬಿಕೆ. ಬ್ಯಾಟರಿ. ಪೇಟೆಯವರು ಟಾರ್ಚ್ ಅನ್ನುತ್ತಾರಲ್ಲ, ಅದೇ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುತ್ತೇವೆ, ಒಳಗೆ ಹಾಕುವುದಕ್ಕೆ ಸೆಲ್ಲು ಅನ್ನುತ್ತೇವೆ. ಇವತ್ತು ಹಾಗೇ ಮಾತಾಡುತ್ತೇನೆ.

ಯಾರಿಗೆ ಹೇಳುತ್ತಿದ್ದೇನೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೆಳಗಿನ ಜಾವ ಕ್ಯಾನ್ ಹಿಡಿದು ಡೈರಿಗೆ ಹಾಲು ಹಾಕಲು ಹೋಗುವ ಅಕ್ಕ ಇದ್ದಾರೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ನಿದ್ದೆಗಣ್ಣಲ್ಲಿ ಎದ್ದು ಮೋಟಾರ್ ಹಾಕಲು ಹೊರಡುವ ಅಣ್ಣ ಇದ್ದಾರೆ. ಕೊನೇ ಬಸ್ಸಿಗೆ ಕ್ರಾಸಿನಲ್ಲಿ ಇಳಿದು ಊರೊಳಗೆ ಒಬ್ಬಳೇ ನಡೆದು ಬರುವ ಕಾಲೇಜು ಹುಡುಗಿ ಇದ್ದಾಳೆ. ನಿಮ್ಮ ಮೂವರ ಮನೆಯಲ್ಲೂ ಬ್ಯಾಟರಿ ಇದೆ, ನನಗೆ ಗೊತ್ತು. ಎಲ್ಲಿದೆ? ಅಕ್ಕನದು ಅಡುಗೆಮನೆ ಗೂಡಿನಲ್ಲಿ. ಅಣ್ಣನದು ಪಂಪ್‌ಹೌಸಿನ ಮೊಳೆಯಲ್ಲಿ. ಹುಡುಗಿಯದು ಬ್ಯಾಗಿನ ತಳದಲ್ಲಿ, ಟಿಫಿನ್ ಬಾಕ್ಸಿನ ಕೆಳಗೆ. ನನ್ನ ತಕರಾರು ಇಷ್ಟೇ. ಬ್ಯಾಟರಿ ಕೈಯಲ್ಲಿರಬೇಕು. ಕತ್ತಲೆಗೆ ಕಾಲಿಡುವ ಮೊದಲೇ ಕೈಯಲ್ಲಿರಬೇಕು.

ಇದನ್ನು ನನಗೆ ಕಲಿಸಿದ್ದು ಇಲಾಖೆ ಅಲ್ಲ, ಒಬ್ಬ ಅಜ್ಜಿ.

1994ರ ಮಾತು. ಚನ್ನಗಿರಿ ಆಗಿನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಆ ತಾಲ್ಲೂಕಿನ ಒಂದು ಠಾಣೆಯಲ್ಲಿ ನಾನು ಕಾನ್‌ಸ್ಟೇಬಲ್. ಅಡಿಕೆ ಕೊಯ್ಲಿನ ಕಾಲ. ಆ ಕಡೆಯವರಿಗೆ ಹೇಳಬೇಕಾಗಿಲ್ಲ, ರಾತ್ರಿ ಹೊತ್ತು ಮೀರುವವರೆಗೂ ಸುಲಿಯುವುದು, ದೊಡ್ಡ ಹಂಡೆಯಲ್ಲಿ ಬೇಯಿಸುವುದು, ಆಮೇಲೆ ಕಣದಲ್ಲಿ ಹರಡಿ ಒಣಗಿಸುವುದು. ಒಂದು ಮನೆಯ ಇಡೀ ವರ್ಷದ ದುಡಿಮೆ ಬಯಲಲ್ಲಿ ಬಿದ್ದಿರುತ್ತದೆ. ಕಳ್ಳರಿಗೂ ಅದು ಗೊತ್ತು. ಹಾಗಾಗಿ ನಮಗೆ ಹಳ್ಳಿ ಗಸ್ತು ಜಾಸ್ತಿ ಹಾಕಿದ್ದರು.

ನನಗೆ ಮೂವತ್ತು ತುಂಬಿರಲಿಲ್ಲ. ಆರಡಿ ಎತ್ತರ, ಕೈಯಲ್ಲಿ ಲಾಠಿ, ಮೈಮೇಲೆ ಖಾಕಿ. ಹೆದರಿಕೆ ಇರಲಿಲ್ಲ, ಬುದ್ಧಿಯೂ ಅಷ್ಟಕ್ಕಷ್ಟೇ ಅನ್ನಿ. ಬ್ಯಾಟರಿ ಇತ್ತಾ? ಇತ್ತು. ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದ ಚೀಲದಲ್ಲಿತ್ತು. ಸೈಕಲ್ ಎಲ್ಲಿತ್ತು? ಊರಾಚೆ ಅರಳೀಕಟ್ಟೆ ಹತ್ತಿರ ನಿಲ್ಲಿಸಿ ಬಂದಿದ್ದೆ, ಸದ್ದಾದರೆ ಕಳ್ಳ ಓಡಿ ಹೋಗುತ್ತಾನೆ ಅಂತ.

ರಾತ್ರಿ ಎರಡು ಗಂಟೆ ಇರಬಹುದು. ಅಮಾವಾಸ್ಯೆಯ ಹಿಂದುಮುಂದು, ಕಗ್ಗತ್ತಲು. ಒಂದು ಮನೆಯ ಕಣದ ಅಂಚಿನಲ್ಲಿ ಹೆಜ್ಜೆ ಸದ್ದಿಲ್ಲದೆ ಬರುತ್ತಿದ್ದೆ. ಗಂಟೆಗಟ್ಟಲೆ ಕತ್ತಲಲ್ಲೇ ತಿರುಗಿದ್ದರಿಂದ ಕಣ್ಣು ಚೆನ್ನಾಗಿ ಹೊಂದಿಕೊಂಡಿತ್ತು, ಬೇಲಿ, ಹಂಡೆ, ಒಲೆ ಎಲ್ಲ ನೆರಳಿನ ಹಾಗೆ ಕಾಣುತ್ತಿತ್ತು. ಇದ್ದಕ್ಕಿದ್ದ ಹಾಗೆ ಫಕ್ ಅಂತ ಮುಖಕ್ಕೇ ಬೆಳಕು ಬಿತ್ತು. ಏನು ಬೆಳಕು ಅಂತೀರಿ! ಮೂರು ಸೆಲ್ಲಿನ ಹಿತ್ತಾಳೆ ಬ್ಯಾಟರಿ, ಇವತ್ತಿನ ಎಲ್‌ಇಡಿ ಮುಂದೆ ಅದು ಏನೂ ಅಲ್ಲ, ಆದರೆ ನೇರ ಕಣ್ಣಿಗೆ. ಲಾಠಿ ಹಿಡಿದ ಕೈ ತಾನಾಗಿಯೇ ಎದ್ದು ಮುಖ ಮುಚ್ಚಿಕೊಂಡಿತು. ನೋಡಿ, ಅಷ್ಟು ದೊಡ್ಡ ಆಳು, ಆಯುಧ ಇರುವ ಕೈಯನ್ನೇ ಕಣ್ಣಿಗೆ ಕೊಟ್ಟ.

ಎರಡು ಕ್ಷಣ. ಬೆಳಕು ಆರಿತು. ನನಗೆ ಏನೂ ಕಾಣುತ್ತಿಲ್ಲ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದು ಹಸಿರು ಚಕ್ಕೆ, ಎತ್ತ ನೋಡಿದರೂ ಅದು ನನ್ನ ಜೊತೆಗೇ ಬರುತ್ತಿದೆ. ಬೆಳಕು ಬಂದ ಕಡೆಗೆ ನುಗ್ಗಿದೆ. ಅಲ್ಲಿ ಯಾರೂ ಇಲ್ಲ! ಎಡಗಡೆಯಿಂದ ದನಿ ಬಂತು, "ಯಾವನಲೇ ಅದು?" ದನಿ ಬಂದ ಕಡೆಗೆ ತಿರುಗಿದೆ, ಮತ್ತೆ ಫಕ್ ಅಂತ ಮುಖಕ್ಕೆ ಬೆಳಕು, ಮತ್ತೆ ಕತ್ತಲು. ಒಂದು ಹೆಜ್ಜೆ ಹಿಂದಿಟ್ಟೆ. ಹಿಂದೆ ಚೊಗರಿನ ಬಾನಿ ಇತ್ತು. ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರು, ಮಂದಗಿರುತ್ತದೆ, ಬಟ್ಟೆಗೆ ತಾಗಿದರೆ ಮುಗಿಯಿತು. ಪುಣ್ಯಕ್ಕೆ ತಣ್ಣಗಾಗಿತ್ತು. ಅದರೊಳಗೆ ಕೂತುಬಿಟ್ಟೆ. "ಪೊಲೀಸ್, ಪೊಲೀಸ್" ಅಂತ ಕೂಗಿದೆ. ಅಷ್ಟು ಹೊತ್ತಿಗೆ ಮನೆಯವರೆಲ್ಲ ದೊಣ್ಣೆ ಹಿಡಿದು ಹೊರಗೆ ಬಂದಿದ್ದರು.

ಅಜ್ಜಿಗೆ ಎಪ್ಪತ್ತರ ಮೇಲಾಗಿತ್ತು. ನನ್ನ ಎದೆಯವರೆಗೂ ಬರುತ್ತಿರಲಿಲ್ಲ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈ ಸೊಂಟದ ಮೇಲೆ. "ಪೊಲೀಸ್ನೋನಾದ್ರೆ ಬ್ಯಾಟ್ರಿ ಇಲ್ದೆ ಕಳ್ಳನ ಹಂಗೆ ಯಾಕಪ್ಪಾ ಬರ್ತೀಯ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಕೊಟ್ಟಳು. ಆ ಪ್ಯಾಂಟನ್ನು ಎಷ್ಟು ಒಗೆದರೂ ಕಲೆ ಹೋಗಲಿಲ್ಲ.

ಕಾಫಿ ಕುಡಿಯುತ್ತಾ ಕೇಳಿದೆ, "ಅಜ್ಜೀ, ಬ್ಯಾಟರಿ ಎಲ್ಲಿಟ್ಟುಕೊಂಡಿದ್ದೆ, ಅಷ್ಟು ಬೇಗ ಹೇಗೆ ಸಿಕ್ಕಿತು?" ಅಂತ. "ಇಟ್ಕೊಳ್ಳೋದೇನು, ಮಲಗಿದ್ರೂ ಕೈಯಾಗೇ ಇರ್ತತೆ" ಅಂದಳು.

ಈಗ ಅಜ್ಜಿ ಏನೇನು ಮಾಡಿದಳು ನೋಡಿ. ಬೆಳಕನ್ನು ನೆಲಕ್ಕಲ್ಲ, ಎದೆಗಲ್ಲ, ಕಣ್ಣಿಗೇ ಹಾಕಿದಳು. ಎರಡು ಕ್ಷಣ ಹಾಕಿ ಆರಿಸಿದಳು. ಆರಿಸಿದ ಜಾಗದಲ್ಲಿ ನಿಲ್ಲಲಿಲ್ಲ. ಆಮೇಲೆ ಕೂಗಿದಳು, ಮನೆಯವರನ್ನು ಎಬ್ಬಿಸಿದಳು. ಹೊಡೆಯುವ ಗೋಜಿಗೇ ಹೋಗಲಿಲ್ಲ. ನಾನು ರಿಟೈರ್ ಆದ ಮೇಲೆ ಕಾಲೇಜುಗಳಿಗೆ ಹೋಗಿ ಹೇಳಿಕೊಡುವುದು ಇಷ್ಟನ್ನೇ, ಹೊಸದೇನೂ ಸೇರಿಸಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ ಮನುಷ್ಯನ ಕಣ್ಣು ಇರುವುದೇ ಹಾಗೆ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ, ವಯಸ್ಸಿನ ಹುಡುಗರಿಗೆ 7 ಮಿಲಿಮೀಟರ್‌ವರೆಗೂ ತೆರೆದುಕೊಳ್ಳುತ್ತದೆ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮ್ಯಾಟ್ನಿಗೆ ತಡವಾಗಿ ಟಾಕೀಸಿಗೆ ಹೋಗಿ ಯಾರದೋ ತೊಡೆ ಮೇಲೆ ಕೂರಲು ಹೋಗಿಲ್ವಾ ನೀವು? ಅದೇ. ಅಷ್ಟು ಹೊತ್ತು ಕಾದು ಕೂಡಿಟ್ಟ ನೋಟ ಒಂದು ಜೋರು ಬೆಳಕಿಗೆ ಹೊರಟುಹೋಗುತ್ತದೆ. ರಾತ್ರಿ ಬೈಕಿನಲ್ಲಿ ಹೋಗುವಾಗ ಎದುರಿನ ಲಾರಿಯವನು ಹೈಬೀಮ್ ಹಾಕಿದರೆ ರಸ್ತೆಯೇ ಮಾಯವಾಗುತ್ತದಲ್ಲ, ಆಗ ನೀವು ಏನು ಮಾಡುತ್ತೀರಿ? ಬ್ರೇಕ್ ಹಿಡಿಯುತ್ತೀರಿ. ನಿಮ್ಮ ಮೇಲೆ ಬರುವವನೂ ಬ್ರೇಕ್ ಹಿಡಿಯುತ್ತಾನೆ. ಆ ಬ್ರೇಕ್ ಹಿಡಿದ ಕೆಲವು ಸೆಕೆಂಡೇ ನಿಮ್ಮ ಸಂಪಾದನೆ, ಅಷ್ಟರಲ್ಲಿ ಜಾಗ ಖಾಲಿ ಮಾಡಬೇಕು. ಕೆಲವರು ಬೆಳಕು ಹಾಕಿ ಅಲ್ಲೇ ನಿಂತು "ಯಾರು ನೀನು, ಯಾವ ಊರು, ಏನು ಕೆಲಸ" ಅಂತ ವಿಚಾರಣೆ ಶುರು ಮಾಡುತ್ತಾರೆ. ವಿಚಾರಣೆಗೆ ನಮ್ಮ ಇಲಾಖೆ ಇದೆ. ನೀವು ಓಡಿ. ಓಡಿ, ದೀಪ ಇರುವ ಮನೆಯ ಬಾಗಿಲು ತಟ್ಟಿ, 112ಕ್ಕೆ ಫೋನ್ ಮಾಡಿ.

ಹಿಡಿಯುವುದು ಹೇಗೆ? ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುವಾಗ ಕೋಲು ಹೇಗೆ ಹಿಡಿಯುತ್ತೀರಿ? ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳು ಮೇಲೆ. ಹಾಗೇ. ಸ್ವಿಚ್ ಹಿಂಭಾಗದ ತುದಿಯಲ್ಲಿರುವ ಬ್ಯಾಟರಿ ತಗೊಳ್ಳಿ, ಹೆಬ್ಬೆರಳು ಸ್ವಿಚ್ಚಿನ ಮೇಲಿರಲಿ, ಬೆಳಕು ಕಿರುಬೆರಳಿನ ಕಡೆಯಿಂದ ಹೊರಡಲಿ. ಕೈ ಭುಜದ ಮಟ್ಟಕ್ಕೆ ಎತ್ತಿದರೆ ನೇರ ಮುಖಕ್ಕೆ ಹೋಗುತ್ತದೆ. ಎಡಗೈಯಲ್ಲಿ ಹಿಡಿಯಿರಿ, ಬಲಗೈ ಖಾಲಿ ಇರಲಿ, ಬಾಗಿಲು ತೆಗೆಯುವುದಕ್ಕೆ, ತಳ್ಳುವುದಕ್ಕೆ ಬೇಕಾಗುತ್ತದೆ. ಎಡಚರಾದರೆ ತಿರುಗಿಸಿಕೊಳ್ಳಿ. ಅವನು ಮೂರು ಮಾರು ದೂರ ಇರುವಾಗಲೇ ಹಾಕಿ, ಮೈಮೇಲೆ ಬಂದ ಮೇಲೆ ಅಲ್ಲ. ಆದರೆ ಅದಕ್ಕೆ ಬ್ಯಾಟರಿ ಎಲ್ಲಿರಬೇಕು? ಹೇಳಿ ನೋಡೋಣ. ಹಾ, ಕೈಯಲ್ಲಿ.

ಗಾಜಿನ ಆಚೆಯಿಂದ ಮೇಡಂ ಗಡಿಯಾರ ತೋರಿಸುತ್ತಿದ್ದಾರೆ. ಅಜ್ಜಿ ಕಥೆ ಸ್ವಲ್ಪ ಉದ್ದವಾಯಿತು, ಪ್ರತಿ ಸಲವೂ ಹೀಗೇ ಆಗುತ್ತದೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

"ಮೊಬೈಲಿನಲ್ಲೇ ಟಾರ್ಚ್ ಇದೆಯಲ್ಲ ಸಾರ್" ಅಂತ ಎಲ್ಲ ಕಾಲೇಜಿನಲ್ಲೂ ಕೇಳುತ್ತಾರೆ. ಇದೆ, ಚಪ್ಪಲಿ ಹುಡುಕಲು ಇದೆ. ಅದರ ಬೆಳಕು ಹರಡಿಕೊಳ್ಳುತ್ತದೆ, ಯಾರ ಕಣ್ಣನ್ನೂ ಕಟ್ಟುವುದಿಲ್ಲ. ಹೆದರಿಕೆಗೆ ಕೈ ನಡುಗುವಾಗ ಪರದೆ ಮೇಲೆ ಆ ಗುರುತು ಹುಡುಕುತ್ತಾ ಕೂರುತ್ತೀರಾ? ಮೇಲಾಗಿ ಕಳ್ಳನಿಗೆ ಬೇಕಾಗಿರುವುದೇ ನಿಮ್ಮ ಮೊಬೈಲು. ಅದನ್ನೇ ದೀಪ ಹಚ್ಚಿ ಅವನ ಮುಂದೆ ಹಿಡಿದರೆ ಆರತಿ ಎತ್ತಿದ ಹಾಗೆ.

ಯಾವುದು ಕೊಳ್ಳಬೇಕು? ಅಂಗೈಯಲ್ಲಿ ಹಿಡಿಯುವ ಅಲ್ಯೂಮಿನಿಯಂ ಬಾಡಿಯ ಎಲ್‌ಇಡಿ ಬ್ಯಾಟರಿ, 300 ಲ್ಯೂಮೆನ್ ಮೇಲಿದ್ದರೆ ಸಾಕು. ಒಂದು ಲಕ್ಷ ಲ್ಯೂಮೆನ್ ಅಂತ ಬರೆದಿರುತ್ತಾರೆ, ಅಂಗೈಯಗಲದ ಸಾಮಾನಿನಲ್ಲಿ ಅದು ಶುದ್ಧ ಸುಳ್ಳು. ಲ್ಯೂಮೆನ್ ಅಂದರೆ ಒಟ್ಟು ಬೆಳಕು. ನಮಗೆ ಬೇಕಾದದ್ದು ಆ ಬೆಳಕು ಒಂದೇ ಕಡೆ ಕೂಡಿ ಬೀಳುವುದು. ಅಂಗಡಿಯಲ್ಲಿ ಗೋಡೆಗೆ ಹಾಕಿ ನೋಡಿ, ನಡುವೆ ಗಟ್ಟಿ ಚುಕ್ಕೆ ಇರಬೇಕು. ಇವಕ್ಕೆ ಹಾಕುವ ಲಿಥಿಯಂ ಸೆಲ್ಲಿಗೆ 18650 ಅಂತ ಹೆಸರು. ಮಂತ್ರ ಏನಲ್ಲ, ಅಳತೆ ಅಷ್ಟೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದು ಒತ್ತಿಗೆ ಜೋರು, ಎರಡಕ್ಕೆ ಮಂದ, ಮೂರಕ್ಕೆ ಪಟಪಟ ಮಿಣುಕುವುದು, ಹೀಗೆ ಐದಾರು ಆಟ ಇರುವುದು ಬೇಡ. ಮೊದಲ ಒತ್ತಿಗೇ ಪೂರ್ತಿ ಬೆಳಕು ಬರಬೇಕು.

ಕಾನೂನಿನ ಭಯ ಬೇಡ. ಬ್ಯಾಟರಿಗೆ ಲೈಸೆನ್ಸ್ ಇಲ್ಲ. ಆತ್ಮರಕ್ಷಣೆಯ ಹಕ್ಕು ಮೊದಲು ಐಪಿಸಿಯ 96ರಿಂದ 106ರಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ಆದರೆ ಸಿಟ್ಟಿಗೆ ಬಿದ್ದು ಬ್ಯಾಟರಿಯಲ್ಲೇ ತಲೆಗೆ ಬಾರಿಸಲು ಹೋಗಬೇಡಿ. ಬೆಳಕಿಗೆ ಕೆಲಸ ಕೊಡಿ, ಕಾಲಿಗೆ ಕೆಲಸ ಕೊಡಿ, ಸಾಕು.

ಮತ್ತೆ, ಸಕಲೇಶಪುರ, ಮೂಡಿಗೆರೆ ಕಡೆಯವರು ಕೇಳುತ್ತಿದ್ದರೆ, ನಾನು ಹೇಳಿದ್ದು ಮನುಷ್ಯರಿಗೆ. ಆನೆಯ ಕಣ್ಣಿಗೆ ಬೆಳಕು ಹಾಕಿ ಪರೀಕ್ಷೆ ಮಾಡಬೇಡಿ, ಅದು ಕೆರಳುತ್ತದೆ. ತೋಟಕ್ಕೆ ಹೋಗುವ ಅಣ್ಣಂದಿರೇ, ನಿಮಗೆ ಕಳ್ಳನಿಗಿಂತ ಹಾವೇ ಜಾಸ್ತಿ ಸಿಗುವುದು. ಬೆಳಕು ಕಾಲಿನ ಮುಂದೆ ಇರಲಿ, ಕಾಲಲ್ಲಿ ಗಂಬೂಟು ಇರಲಿ.

ಆಯ್ತು ಮೇಡಂ, ಮುಗಿಸುತ್ತೇನೆ. ಈಗ ರೇಡಿಯೊ ಹಾಗೇ ಇರಲಿ, ಎದ್ದು ಹೋಗಿ ಮನೆಯ ಬ್ಯಾಟರಿ ಹುಡುಕಿ. ಹಿಂದಿನ ಮುಚ್ಚಳ ತಿರುಗಿಸಿ ಸೆಲ್ಲು ಸೋರಿದೆಯೋ ನೋಡಿ. ಹತ್ತರಲ್ಲಿ ಐದು ಮನೆಯಲ್ಲಾದರೂ ಸೋರಿ, ಸ್ಪ್ರಿಂಗಿಗೆ ತುಕ್ಕು ಹಿಡಿದಿರುತ್ತದೆ, ನಾನು ಪಂದ್ಯ ಕಟ್ಟುತ್ತೇನೆ. ಸೆಲ್ಲು ಬದಲಾಯಿಸಿ, ಹೊಸಲಿನ ಪಕ್ಕ ಒಂದು ಮೊಳೆ ಹೊಡೆದು ಅಲ್ಲೇ ತೂಗುಹಾಕಿ, ಚಪ್ಪಲಿ ಮೆಟ್ಟುವಾಗ ಕೈಗೆ ಸಿಗುವಷ್ಟು ಎತ್ತರದಲ್ಲಿ. ನಮಸ್ಕಾರ.