ಎಸ್ಟಿಮಾಗೆ ಹೊಸ ಬ್ಯಾಟರಿ, ನನಗೆ ಹೊಸ ತಲೆನೋವು

ಹಾಂ, ರೆಕಾರ್ಡ್ ಆಗ್ತಿದೆ. ಬಾನೆಟ್ ಎತ್ತಿದ್ದು, ಆಯಿಲ್ ಕಡ್ಡಿ ಒರೆಸಿ ನೋಡಿದ್ದು ಎಲ್ಲ ವಿಡಿಯೋದಲ್ಲಿ ಫಾಸ್ಟಾಗಿ ಓಡ್ತಿದೆಯಲ್ಲ, ಓಡ್ಲಿ ಬಿಡಿ. ಆಕ್ಲೆಂಡಲ್ಲಿ ಇವತ್ತು ಮಳೆ ಇಲ್ಲ, ಅದೇ ದೊಡ್ಡ ಸುದ್ದಿ.

ಇದು 2008ರ ಟೊಯೋಟಾ ಎಸ್ಟಿಮಾ ವ್ಯಾನು. ಎಂಟು ಸೀಟು, 2.4 ಲೀಟರ್ ಪೆಟ್ರೋಲ್. ಜಪಾನಲ್ಲಿ ಯಾರದೋ ಮನೇಲಿ ಬಾಳಿ, ಹರಾಜಾಗಿ, ಹಡಗು ಹತ್ತಿ ನ್ಯೂಜಿಲೆಂಡಿಗೆ ಬಂದಿದೆ. ಬಾಗಿಲ ಪಕ್ಕ ಅಂಟಿಸಿರೋ ಈ ಚೀಟಿ ನೋಡಿ, ಆಯಿಲ್ ಬದಲಾಯಿಸಿದ ತಾರೀಕು. 29 ಅಂತಿದೆ. ಹೆಯ್ಸೆ 29, ಅಂದ್ರೆ ಜಪಾನಿನ ಹಳೇ ಚಕ್ರವರ್ತಿ ಕಾಲದ ವರ್ಷದ ಲೆಕ್ಕ. 1988 ಕೂಡಿಸಿದ್ರೆ 2017. ಅಲ್ಲಿಯ ಮಾಲೀಕರು ಯಾರೋ ಗೊತ್ತಿಲ್ಲ, ಗಾಡೀನ ಮಾತ್ರ ಮಗು ಥರ ನೋಡ್ಕೊಂಡಿದ್ದಾರೆ.

ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಹಾಗಾಗಿ ಲಕ್ಷ ಕಿಲೋಮೀಟರ್ ಆಯ್ತು, ಬೆಲ್ಟ್ ಬದಲಾಯಿಸಿ ಅನ್ನೋ ಖರ್ಚಿಲ್ಲ. ಗೇರ್‌ಬಾಕ್ಸ್ ಸಿವಿಟಿ, ಅಂದ್ರೆ ಒಂದು ಎರಡು ಅಂತ ಹಂತದ ಗೇರಿಲ್ಲದ ಆಟೋಮ್ಯಾಟಿಕ್. ಅದಕ್ಕೆ ಸಿವಿಟಿ ಆಯಿಲ್ಲೇ ಹಾಕ್ಬೇಕು, ಮಾಮೂಲಿ ಆಟೋಮ್ಯಾಟಿಕ್ ಗೇರ್ ಆಯಿಲ್ ಸುರಿದ್ರೆ ಕೆಟ್ಟಿರಿ. ಯಾರಾದ್ರೂ "ನಡೆಯತ್ತೆ ಬಿಡಿ ಮೇಡಂ" ಅಂದ್ರೆ ಗಾಡಿ ವಾಪಸ್ ತಿರುಗಿಸ್ಕೊಂಡು ಬಂದ್ಬಿಡಿ.

ನಮ್ಮೆಜಮಾನ್ರ ಸ್ನೇಹಿತರ ಹತ್ರ ಮೊದಲನೇ ತಲೆಮಾರಿನ ಎಸ್ಟಿಮಾ ಇದೆ, 1990ರಲ್ಲಿ ಬಂತಲ್ಲ, ಮೊಟ್ಟೆ ಆಕಾರದ್ದು. ಅದರ ಎಂಜಿನ್ನನ್ನ ಮುಂದಿನ ಸೀಟಿನ ಕೆಳಗೆ 75 ಡಿಗ್ರಿ ವಾಲಿಸಿ ಮಲಗಿಸಿಬಿಟ್ಟಿದ್ದಾರೆ. ಏನಾದ್ರೂ ನೋಡ್ಬೇಕಂದ್ರೆ ಸೀಟು ಸರಿಸು, ಕಾರ್ಪೆಟ್ ಎತ್ತು. ಅವರ ಮುಂದೆ ನಾನು ದೂರು ಹೇಳೋ ಹಾಗೇ ಇಲ್ಲ.

ಆದ್ರೆ ಇವತ್ತು ಹೇಳ್ತೀನಿ.

ಬ್ಯಾಟರಿ. ಬೆಳಗ್ಗೆ ಚಳಿಗೆ ಸೆಲ್ಫ್ ಎಳೆಯೋಕೆ ಒದ್ದಾಡ್ತಿತ್ತು, ಪೂರ್ತಿ ಸತ್ತಿರ್ಲಿಲ್ಲ. ಹಳೇ ಬ್ಯಾಟರಿ ಮೇಲೆ 55ಡಿ23ಎಲ್ ಅಂತ ಬರೆದಿದೆ ನೋಡಿ. 23 ಅಂದ್ರೆ ಉದ್ದ ಸೆಂಟಿಮೀಟರಲ್ಲಿ, ಕೊನೇ ಅಕ್ಷರ ಟರ್ಮಿನಲ್ ಯಾವ ಕಡೆ ಅಂತ ಹೇಳತ್ತೆ. ಅದು ತಪ್ಪಿದ್ರೆ ವೈರು ಮುಟ್ಟಲ್ಲ. ಒಬ್ಬರನ್ನ ಮನೆಗೇ ಕರೆಸಿದ್ವಿ. ಬ್ಯಾಟರಿಗೆ 240 ಡಾಲರ್, ಸರಿ, ಒಪ್ಕೊಂಡೆ. ಪುಣ್ಯಾತ್ಮ ಬಂದವನೇ ಎರಡೂ ಟರ್ಮಿನಲ್ ಬಿಚ್ಚಿದ, ಹೊಸದು ಕೂರಿಸಿದ, ಕಾರ್ಡ್ ಉಜ್ಜಿದ, ಹೋದ. ಬ್ಯಾಟರಿ ತೆಗೆಯೋವಾಗ ಪಕ್ಕದಲ್ಲಿ ಸಣ್ಣದೊಂದು ಬ್ಯಾಟರಿ ಸಿಗಿಸಿ ಗಾಡಿ ಮೆಮೊರಿ ಉಳಿಸೋ ಡಬ್ಬಿ ಬರತ್ತಲ್ಲ, ಅದು ಅವನ ವ್ಯಾನಲ್ಲೇ ಇತ್ತು. ನಾನೇ ಕಣ್ಣಾರೆ ನೋಡಿದ್ದೀನಿ. ಇಳಿಸ್ಲೇ ಇಲ್ಲ!

ಗಾಡಿ ಸ್ಟಾರ್ಟ್ ಮಾಡ್ತೀನಿ, ಸ್ಕ್ರೀನ್ ತುಂಬ ಜಪಾನಿ ಅಕ್ಷರ. ಫೋನ್ ಹಿಡಿದು ಓದಿಸಿದ್ರೆ, ಗುಪ್ತಸಂಖ್ಯೆ ಕೊಡಿ ಅನ್ನತ್ತೆ. ಕಳ್ಳರು ಸ್ಟೀರಿಯೋ ಕದ್ದ್ರೂ ಉಪಯೋಗಕ್ಕೆ ಬಾರದಿರ್ಲಿ ಅಂತ ಮಾಡಿರೋ ಬೀಗ, ಬ್ಯಾಟರಿ ಬಿಚ್ಚಿದ್ರೆ ತಾನೇ ಬೀಳತ್ತೆ. ನಂಬರ್ ಇಟ್ಟವರು ಜಪಾನಲ್ಲಿ ಎಲ್ಲೋ ಚಹಾ ಕುಡೀತಿದ್ದಾರೆ. ರೇಡಿಯೋ ಇಲ್ಲ, ಹಾಡಿಲ್ಲ, ನಮ್ಮದರಲ್ಲಿ ರಿವರ್ಸ್ ಕ್ಯಾಮೆರಾನೂ ಬರ್ತಿಲ್ಲ. ಇಷ್ಟುದ್ದ ಗಾಡೀನ ಸ್ಯಾಂಡ್ರಿಂಗ್‌ಹ್ಯಾಮ್ ರೋಡಲ್ಲಿ ಶನಿವಾರ ಸಂಜೆ ದಿನಸಿ ಅಂಗಡಿ ಮುಂದೆ ಕ್ಯಾಮೆರಾ ಇಲ್ಲದೆ ಹಿಂದಕ್ಕೆ ತೆಗೆದು ನೋಡಿ, ಆಮೇಲೆ ಮಾತಾಡಿ.

ಬ್ಯಾಟರಿಯವನಿಗೆ ಫೋನ್ ಮಾಡಿದ್ರೆ "ಅದು ಸ್ಟೀರಿಯೋ ಸಮಸ್ಯೆ" ಅಂದ. ಒಂದು ಅಂಗಡೀಲಿ ಬರೀ ಬಿಚ್ಚಿ ನೋಡೋಕೆ 90 ಡಾಲರ್. ಇನ್ನೊಂದು ಕಡೆ, ಇದನ್ನ ತೆಗೆದು ಹೊಸ ಇಂಗ್ಲಿಷ್ ಸ್ಟೀರಿಯೋ ಹಾಕಿಸಿ, ಕೂಲಿ ಸೇರಿ 750. ಏಳ್ನೂರೈವತ್ತು! ಐದು ನಿಮಿಷ ಆ ಡಬ್ಬಿ ಸಿಗಿಸಿದ್ರೆ ಒಂದು ಪೈಸೆ ಖರ್ಚಿರ್ಲಿಲ್ಲ. ಮೂರನೆಯವರು ಸರಿಯಾದ ದಾರಿ ಹೇಳಿದ್ರು. ಸ್ಕ್ರೀನಲ್ಲೇ ಇಆರ್‌ಸಿ ಅಂತ ಒಂದು ನಂಬರ್ ತೋರಿಸತ್ತೆ, ಅದರ ಫೋಟೋ ಕಳಿಸಿದ್ರೆ ಬೀಗ ತೆಗೆಯೋ ಕೋಡ್ ಕೊಡ್ತಾರೆ. 40 ಡಾಲರ್. ಬರೀ ಒಂದು ಸಾಲು ಅಂಕಿಗೆ! ಅಂಗಡಿಯವರ 750ರ ಮುಂದೆ ಧರ್ಮಕ್ಕೆ ಸಿಕ್ಕ ಹಾಗೇ, ಆದ್ರೂ ಕೈಯಿಂದ ದುಡ್ಡು ಬಿಡೋವಾಗ ಹೊಟ್ಟೆ ಉರೀತು.

ಒತ್ತುತಾ ಇದ್ದೀನಿ ನೋಡಿ. ಒಂದೊಂದೇ. ಮನೆಯವರೇ, ಫೋನ್ ಅಲುಗಾಡಿಸ್ಬೇಡಿ.

ಬಂತು!

ಸರಿ, ಬಂದಿದ್ದೇನು? ಈ ಗಡಿಯಾರ ನೋಡಿ, ಮೂರು ಗಂಟೆ ಹಿಂದಿದೆ. ಉಪಗ್ರಹದಿಂದ ಜಪಾನ್ ಟೈಮೇ ತಗೊಳ್ಳತ್ತೆ, ಬೇಸಿಗೇಲಿ ನಾಲ್ಕು ಗಂಟೆ ಹಿಂದೆ. ಮ್ಯಾಪಲ್ಲಿ ನ್ಯೂಜಿಲೆಂಡೇ ಇಲ್ಲ. ಎಫ್‌ಎಂ ಜಪಾನಲ್ಲಿ 76ರಿಂದ ಶುರು, ಈ ಸೆಟ್ 90ಕ್ಕೆ ನಿಂತುಹೋಗತ್ತೆ, ಇಲ್ಲಿಯ ಸ್ಟೇಷನ್‌ಗಳು 108ರ ತನಕ ಇವೆ. ಅದಕ್ಕೆ ಆಂಟೆನಾ ತಂತಿಗೆ ಬ್ಯಾಂಡ್ ಎಕ್ಸ್‌ಪಾಂಡರ್ ಅಂತ ಸಣ್ಣ ಡಬ್ಬಿ ಹಾಕ್ಬೇಕು. ಎಎಂಗೆ ಆ ಗೋಳಿಲ್ಲ, ಹಿಂದಿ ಹಾಡು ನೇರ ಬರತ್ತೆ. ಬೆಳಗ್ಗೆ ಈ ಸ್ಟೀರಿಯೋನ ಕಿತ್ತು ಎಸೀತೀನಿ ಅಂದಿದ್ದೆ. ಬೇಡ, ಇರ್ಲಿ. ಸ್ಪೀಕರ್ ಚೆನ್ನಾಗಿದೆ.

ಇನ್ನೊಬ್ಬಳಿದ್ದಾಳೆ, ಕೇಳಿಸ್ಕೊಳ್ಳಿ. ಕೀ ತಿರುಗಿಸಿದ ತಕ್ಷಣ ಗಾಡಿಯೊಳಗಿಂದ ಜಪಾನಿ ಭಾಷೇಲಿ ಮಾತಾಡ್ತಾಳಲ್ಲ, ಟೋಲ್ ಕಾರ್ಡ್ ಹಾಕಿಲ್ಲ ಅಂತ ಹೇಳ್ತಿರೋದು. ಜಪಾನಿನ ಹೆದ್ದಾರಿಗೆ ಬೇಕಾದ ಕಾರ್ಡ್. ಇಲ್ಲಿ ಉತ್ತರಕ್ಕೆ ಹೋಗೋ ಟೋಲ್ ರಸ್ತೇಲೂ ನಂಬರ್ ಪ್ಲೇಟಿನ ಫೋಟೋ ಹೊಡ್ಕೋತಾರೆ, ನಾವು ಆನ್‌ಲೈನಲ್ಲಿ ಕಟ್ತೀವಿ. ತಂತಿ ಕಿತ್ತರೆ ಸುಮ್ನಾಗ್ತಾಳೆ. ಮಕ್ಕಳು ಬಿಡ್ತಿಲ್ಲ, ಅವಳ ಜೊತೆ ಸೇರಿ ತಾವೂ ಹೇಳ್ತವೆ.

ಈಗ ಪಕ್ಕದ ಬಾಗಿಲು. ಬಟನ್ ಒತ್ತಿದ್ರೆ ತಾನೇ ಸರಿಯೋ ಬಾಗಿಲು, ಇದಕ್ಕಿಂತ ಒಳ್ಳೇ ಆವಿಷ್ಕಾರ ಇಲ್ಲ. ಕೈಯಲ್ಲಿ ಮಗು, ಚೀಲ, ಬಿಸಿಬೇಳೆಬಾತ್ ಪಾತ್ರೆ, ಆದ್ರೂ ತೆರೆಯತ್ತೆ. ಸಿಕ್ಕಿಹಾಕ್ಕೊಂಡ್ರೆ ಮಾತ್ರ ಇದಕ್ಕಿಂತ ದರಿದ್ರ ಇನ್ನೊಂದಿಲ್ಲ. ಮೋಟಾರ್ ಹೋಯ್ತು ಅಂತ ಗಾಬರಿಯಾಗೋಕೆ ಮುಂಚೆ ಎರಡು ನೋಡಿ. ಡ್ಯಾಶ್‌ಬೋರ್ಡಲ್ಲಿ ಬಾಗಿಲಿನ ಮುಖ್ಯ ಸ್ವಿಚ್ ಯಾರಾದ್ರೂ ಆಫ್ ಮಾಡಿದ್ದಾರಾ? ಪೆಟ್ರೋಲ್ ಮುಚ್ಚಳ ತೆಗೆದಿದೆಯಾ? ತೆಗೆದಿದ್ರೆ ಆ ಕಡೆ ಬಾಗಿಲು ಬೇಕಂತಲೇ ತೆರೆಯಲ್ಲ, ಬಂಕಲ್ಲಿ ಪೈಪಿಗೆ ಬಡೀಬಾರ್ದು ಅಂತ. ಎರಡೂ ಸರಿ ಇದ್ರೆ ಬಾಗಿಲು ಸರಿಯೋ ಹಳಿ ಸ್ವಚ್ಛ ಮಾಡಿ.

ಹಳಿಯಲ್ಲಿ ಏನೇನಿದೆ ನೋಡಿ. ಬಿಸ್ಕೆಟ್ ಪುಡಿ, ಮರಳು, ಕಡಲೆ, ಒಂದು ಸತ್ತ ಹುಳ. ಹುಳ ಅಂದ್ರೆ ಇಲ್ಲಿ ತಮಾಷೆ ಅಲ್ಲ. 2018ರಲ್ಲಿ ಜಪಾನಿಂದ ಗಾಡಿ ತಂದ ಹಡಗುಗಳಲ್ಲಿ ನಾರುವ ತಿಗಣೆ ಸಿಕ್ಕಿ, ಆಕ್ಲೆಂಡಿಂದ ಹಡಗನ್ನೇ ವಾಪಸ್ ಕಳಿಸಿದ್ರು. ಕಿವಿ ಹಣ್ಣಿನ ತೋಟಕ್ಕೆ ಬಿದ್ರೆ ದೇಶವೇ ಕೂತುಹೋಗತ್ತೆ ಅಂತ ಭಯ. ಇದು ಅದಲ್ಲ, ನಮ್ಮನೇದೇ ಜಿರಳೆ.

ಗ್ರೀಸ್ ಹಚ್ಚಬೇಡಿ, ಮಣ್ಣೆಲ್ಲ ಅಂಟ್ಕೊಳ್ಳತ್ತೆ. ಸಿಲಿಕೋನ್ ಸ್ಪ್ರೇ ಸಾಕು. ಹಾಂ, ಸರೀತು ನೋಡಿ, ಮೊದಲಿನಷ್ಟು ಕಿರುಗುಟ್ತಿಲ್ಲ. ಇನ್ನೊಂದು ಸಲ... ಇಲ್ಲ, ಮಧ್ಯದಲ್ಲಿ ಇನ್ನೂ ತಡೀತಿದೆ. ಕೆಳಗಿನ ರೋಲರ್ ಸವೆದಿರ್ಬೇಕು. ಅದನ್ನ ತರಿಸಿ ಹಾಕೋವಾಗ ತೋರಿಸ್ತೀನಿ. ಮುಂದಿನ ವಾರ ವಾರೆಂಟ್ ಆಫ್ ಫಿಟ್ನೆಸ್, ಅಂದ್ರೆ ಗಾಡಿ ರಸ್ತೆಗೆ ಯೋಗ್ಯವಾ ಅಂತ ನೋಡೋ ತಪಾಸಣೆ ಇದೆ, ಹಿಂದಿನ ಬ್ರೇಕ್ ಲೈಟ್ ಬಲ್ಬ್ ಒಂದು ಹೋಗಿದೆ, ಅಂಗಡಿ ಮುಚ್ಚೋಕೆ ಮುಂಚೆ ತರ್ಬೇಕು. ಮನೆಯವರೇ, ಕಟ್ ಮಾಡಿ, ಕೀ ಎಲ್ಲಿಟ್ರಿ?