ಹೊಳೆಗೆ ನಾನೇ ಪ್ರವಾಹ ತಂದೆ: ಗೇಮ್ ಮಾಸ್ಟರ್ ಮಾಡುವ ತಪ್ಪು

[ತೆರೆಯ ಮೇಲೆ: ಮೇಜು, 20 ಮುಖದ ದಾಳ, ಚುರುಮುರಿ ಪೊಟ್ಟಣ]

ನಮಸ್ಕಾರ. ಮೈಸೂರಿನ ಸರಸ್ವತಿಪುರಂನಲ್ಲಿ, ನಮ್ಮ ಮನೆ ಮಹಡಿ ಮೇಲೆ, ಭಾನುವಾರ ಸಂಜೆ ಐದು ಜನ ರೋಲ್‌ಪ್ಲೇಯಿಂಗ್ ಆಟ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಲ್ಲೇ ಕಥೆ ಕಟ್ಟುವ ಆಟ, ಆಡುತ್ತೇವೆ. ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವನು, ನಾನೇ. ಕಥೆಯ ಲೋಕ ನನ್ನದು, ಅದರಲ್ಲಿ ಓಡಾಡುವ ಪಾತ್ರಗಳು ಅವರದು. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಇಂಥದೇ ಆಟದಲ್ಲೇ ಈ ಹಂಚಿಕೆ ಇತ್ತು. ಗಡಿ ಎಲ್ಲಿ ಅನ್ನುವುದೇ ತಕರಾರು.

ನನ್ನ ತಪ್ಪನ್ನೇ ಕೇಳಿ. ಶ್ರೀರಂಗಪಟ್ಟಣದ ಥರದ ಒಂದು ಕೋಟೆ, ಸುತ್ತ ಹೊಳೆ, ಒಳಗೆ ಹೋಗಲು ಸುರಂಗ. ಸುರಂಗದ ನಕ್ಷೆಗಾಗಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಆಟಗಾರರು ಆ ಕಡೆ ತಿರುಗಿಯೂ ನೋಡಲಿಲ್ಲ. ಹರಿಗೋಲಿನಲ್ಲಿ ಹೊಳೆ ದಾಟುತ್ತೇವೆ ಅಂದರು. ನಾನು ಪ್ರವಾಹ ತಂದೆ. ಮರಕ್ಕೆ ಹಗ್ಗ ಕಟ್ಟುತ್ತೇವೆ ಅಂದರು. ಹಗ್ಗವನ್ನು ಇಲಿ ಕಡಿದಿದೆ ಅಂದೆ. ಆಗ ಗೆಳತಿಯೊಬ್ಬಳು ದಾಳ ಕೆಳಗಿಟ್ಟಳು. "ಕಥೇನ ನೀನೇ ಹೇಳ್ಬಿಡಪ್ಪ, ನಾವು ಚುರುಮುರಿ ತಿಂತಾ ಕೇಳ್ತೀವಿ."

ಇದನ್ನು ರೈಲ್‌ರೋಡಿಂಗ್ ಅನ್ನುತ್ತಾರೆ. ನನಗೆ ನೆನಪಾಗುವುದು ನಮ್ಮೂರ ಟಾಂಗಾ ಕುದುರೆ. ಕಣ್ಣಿನ ಪಕ್ಕ ಪಟ್ಟಿ ಕಟ್ಟಿದ ಮೇಲೆ ಅದಕ್ಕೆ ಕಾಣುವುದು ಎದುರಿನ ರಸ್ತೆ ಮಾತ್ರ.

ಹಾಗಂತ ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾ? ಅದೂ ಬೋರೇ. ಹೊಳೆಯಲ್ಲಿ ಪ್ರವಾಹ ಇರುವುದು ತಪ್ಪಲ್ಲ. ಅವರು ಹರಿಗೋಲು ಅಂದ ಮೇಲೆ ಅದು ಬಂತಲ್ಲ, ಅದು ತಪ್ಪು.

[ತೆರೆಯ ಮೇಲೆ: ನನ್ನ ನೋಟ್‌ಬುಕ್]

ಈಗ ನಾನು ಕಥೆ ಬರೆದಿಡುವುದಿಲ್ಲ. ಊರಲ್ಲಿ ಯಾರಿಗೆ ಏನು ಬೇಕು ಅಂತ ಮಾತ್ರ ಬರೆಯುತ್ತೇನೆ. ಹರಿಗೋಲಿನವನ ತಲೆ ಮೇಲೆ ಸಾಲ. ಕಾವಲುಗಾರನಿಗೆ ಊರಿಗೆ ಹೋಗುವ ಆಸೆ. ಆಟಗಾರರು ಯಾರ ಹತ್ತಿರ ಹೋದರೂ ಮಾತಿಗೆ ಏನೋ ಸಿಗುತ್ತದೆ.

ದಾಳ ಉರುಳಿಸುವ ಮೊದಲೇ ಬೆಲೆಯನ್ನೂ ಹೇಳುತ್ತೇನೆ. "ಹೊಳೆ ಜೋರಾಗಿದೆ. 15 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಸಲೀಸಾಗಿ ದಾಟುತ್ತೀರಿ. ಇಲ್ಲದಿದ್ದರೆ ದಡ ಸೇರುತ್ತೀರಿ, ಸಾಮಾನು ನೀರುಪಾಲು." ದಾಳಕ್ಕೆ 20 ಮುಖ, ಗೆಲ್ಲಿಸುವುದು ಆರು. ಅಂದರೆ ನೂರಕ್ಕೆ 30. ಅಷ್ಟು ಗೊತ್ತಿದ್ದೂ ಇಳಿದರೆ ಅದು ಅವರ ಹಟ, ನನ್ನ ಕುತಂತ್ರವಲ್ಲ. ಮರೆಯಲ್ಲಿ ದಾಳ ಹಾಕಿ ಅಂಕಿ ತಿದ್ದುವ ಗೇಮ್ ಮಾಸ್ಟರ್‌ಗಳೂ ಇದ್ದಾರೆ. ನನಗೆ ಹಿಡಿಸುವುದಿಲ್ಲ. ಒಮ್ಮೆ ಸಿಕ್ಕಿಬಿದ್ದರೆ ಆಟಗಾರರು ತಮ್ಮ ಗೆಲುವನ್ನೂ ನಂಬುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. "ನನ್ನ ಪಾತ್ರ ಇರೋದೇ ಹಾಗೆ" ಅಂತ ಜೊತೆಗಾರರ ಚೀಲಕ್ಕೇ ಕೈ ಹಾಕುವವರಿರುತ್ತಾರೆ ಅಲ್ವಾ? ಅಲ್ಲಿ ದಾಳ ಬೇಡ. ಆಟ ನಿಲ್ಲಿಸಿ ಮಾತಾಡಬೇಕು. ಇಂಥದ್ದನ್ನು ಮೊದಲೇ ಕೂತು ತೀರ್ಮಾನಿಸುವುದಕ್ಕೆ ಸೆಷನ್ ಜೀರೋ ಅನ್ನುತ್ತಾರೆ.

ಅಂದಹಾಗೆ, ಹೋದ ವಾರ ಆಟದಲ್ಲಿ ಹರಿಗೋಲಿನವನನ್ನು ಸಾಲ ಕೊಟ್ಟವರಿಂದ ಬಚ್ಚಿಡಬೇಕಾಯಿತು. ಅದೇ ಗೆಳತಿ ಕೇಳಿದಳು: "ಇಲ್ಲೆಲ್ಲಾದ್ರೂ ಸುರಂಗ ಇದೆಯಾ?"

[ತೆರೆಯ ಮೇಲೆ: ಮಡಿಕೆ ಬಿಚ್ಚುತ್ತಿರುವ ಹಳೇ ನಕ್ಷೆ]